ರೋಮಿನಲ್ಲೊಂದು ಕೇರಿ

ರೋಮಿನಲ್ಲಿ ಬೆಳಗಿನ ಕಾಫಿಗೆ ಕೂತವನು ಸೋತ. ನಿಂತು ಕುಡಿದರೆ ಒಂದು ಕಾಫಿಗೆ 1 ಯೂರೊ 20 ಸೆಂಟಿನ ಆಸುಪಾಸು. ಅದೇ ಕಪ್ಪು, ಅದೇ ಕಾಫಿ, ನಾಲ್ಕು ಹೆಜ್ಜೆ ಆಚೆಯ ಮೇಜಿಗೆ ಬಂದರೆ ಅದರ ಎರಡರಷ್ಟು. ಪ್ರವಾಸಿಗಳು ಮುತ್ತುವ ಚೌಕದಲ್ಲಾದರೆ ಇನ್ನೂ ಮೇಲೆ. ಇದರಲ್ಲಿ ಮೋಸವೇನಿಲ್ಲ. ನಿಂತವರಿಗೆ ಇಷ್ಟು, ಕೂತವರಿಗೆ ಇಷ್ಟು ಎಂದು ಗೋಡೆಯ ದರಪಟ್ಟಿಯಲ್ಲಿ ಎರಡು ಸಾಲು ಇರುತ್ತದೆ. ನಾವು ಓದುವುದಿಲ್ಲ, ಅಷ್ಟೆ. ಕಾಲು ನೋಯುತ್ತಿರುತ್ತದೆ, ಕುರ್ಚಿ ಕಾಣುತ್ತದೆ, ಕೂರುತ್ತೇವೆ.

ದುಡ್ಡಿನ ಮಾತು ಹಾಗಿರಲಿ. ಕೂತವನಿಗೆ ತಪ್ಪಿಹೋಗುವುದು ಕೌಂಟರು. ಕೇರಿಯ ಬೆಳಗು ನಡೆಯುವುದೇ ಅಲ್ಲಿ. ಔಷಧಿ ಅಂಗಡಿಯ ಹೆಂಗಸು, ಗಾರೆ ಮೆತ್ತಿದ ಬೂಟಿನ ಮೇಸ್ತ್ರಿ, ನಾಯಿ ಹಿಡಿದುಕೊಂಡ ಅಜ್ಜ, ಕೋಟು ತೊಟ್ಟ ವಕೀಲ, ಎಲ್ಲರೂ ಮೊಣಕೈಗೆ ಮೊಣಕೈ ತಾಗಿಸಿ ನಿಂತು, ನಿನ್ನೆಯ ಫುಟ್‌ಬಾಲ್ ಪಂದ್ಯದಲ್ಲಿ ಯಾರನ್ನು ಆಡಿಸಬಾರದಿತ್ತು ಎಂದು ತೀರ್ಪು ಕೊಟ್ಟು, ಎರಡೇ ನಿಮಿಷದಲ್ಲಿ ಚದುರುತ್ತಾರೆ. ಇಂಥ ಕಾಫಿ ಅಂಗಡಿಗೆ ಅಲ್ಲಿನವರು ಬಾರ್ ಎನ್ನುತ್ತಾರೆ. ಹೆದರಬೇಕಿಲ್ಲ, ಬಾಟಲಿಗಳು ಹಿಂದಿನ ಕಪಾಟಿನಲ್ಲಿರುತ್ತವೆ, ಬೆಳಿಗ್ಗೆ ಅವನ್ನು ಕೇಳುವವರು ಕಡಿಮೆ.

ಪದ್ಧತಿ ನಮ್ಮ ದರ್ಶಿನಿಯದೇ. ಮೊದಲು ಗಲ್ಲಾಪೆಟ್ಟಿಗೆಯ ಬಳಿ ಹೋಗಿ ಬೇಕಾದ್ದು ಹೇಳಿ, ದುಡ್ಡು ಕೊಟ್ಟು, ಚೀಟಿ ತಗೊಂಡು, ಅದನ್ನು ಕಾಫಿ ಮಾಡುವವನ ಮುಂದೆ ಇಡಬೇಕು. ಅವನು ಅದನ್ನು ಚೂರು ಹರಿದು ಪಕ್ಕಕ್ಕಿಟ್ಟರೆ ನಿಮ್ಮ ಸರದಿ ಹತ್ತಿತು ಎಂದರ್ಥ. ಆದರೆ ಸಣ್ಣ ಕೇರಿಯ ಅಂಗಡಿಯಲ್ಲಿ ಕುಡಿದಾದ ಮೇಲೆ ಕೊಡುವ ವಾಡಿಕೆಯೂ ಇದೆ. ಎಲ್ಲಿ ಯಾವುದು ಎಂದು ಬರೆದಿರುವುದಿಲ್ಲ. ಮುಂದಿನವರು ಏನು ಮಾಡುತ್ತಾರೆಂದು ಅರ್ಧ ನಿಮಿಷ ನೋಡಿದರೆ ಸಾಕು. ರೈಲು ನಿಲ್ದಾಣದಲ್ಲಂತೂ ಚೀಟಿಯಿಲ್ಲದವನನ್ನು ಯಾರೂ ತಿರುಗಿ ನೋಡುವುದಿಲ್ಲ. ಇನ್ನೊಂದು: ಒಳಗೆ ಕಾಲಿಟ್ಟ ಕೂಡಲೇ ‘ಬೊಂಜೋರ್ನೊ’ ಅನ್ನಬೇಕು. ಯುರೋಪಿನ ಈ ಭಾಗದಲ್ಲಿ ಅಂಗಡಿಯೆಂದರೆ ಅಂಗಡಿಯವನ ಮನೆ ಇದ್ದಂತೆಯೇ. ನಮಸ್ಕಾರ ಹೇಳದೆ ಸೀದಾ ‘ಒನ್ ಕಾಫಿ’ ಎಂದವರಿಗೆ ಕಾಫಿ ಸಿಗುತ್ತದೆ, ನಗು ಸಿಗುವುದಿಲ್ಲ.

ಕೇಳಬೇಕಾದ್ದು ‘ಉನ್ ಕಫ್ಫೆ’, ಮುಗಿಯಿತು. ಚೂರು ಹಾಲು ಬೇಕಾದರೆ ಮಕ್ಕಿಯಾತೊ, ಜಾಸ್ತಿ ಬೇಕಾದರೆ ಕಪುಚಿನೊ. ಬೆಂಗಳೂರಿನ ಮಾಲ್‌ಗಳಲ್ಲಿ ಕಲಿತ ‘ಲಾಟೆ’ಯನ್ನು ಅಲ್ಲಿ ಕೇಳಿದರೆ ಬರುವುದು ಬರೀ ಹಾಲು. ಊಟವಾದ ಮೇಲೆ ಕಪುಚಿನೊ ಕೇಳಬಾರದು ಎಂಬ ಶಾಸ್ತ್ರವನ್ನು ಪ್ರವಾಸದ ಪುಸ್ತಕಗಳು ವಿಪರೀತ ದೊಡ್ಡದು ಮಾಡಿವೆ. ಕೇಳಿದರೆ ಕೊಡುತ್ತಾರೆ. ಹೊಟ್ಟೆ ತುಂಬಿದ ಮೇಲೆ ಅಷ್ಟು ಹಾಲು ಹೇಗೆ ಇಳಿಯುತ್ತದೋ ಎಂದು ಅವರಿಗೆ ಅಚ್ಚರಿ, ಅಷ್ಟೇ.

ಕಪ್ಪಿನ ತಳದಲ್ಲಿ ಎರಡು ಬೆರಳು ಕಾಫಿ ಕಂಡು ‘ಇಷ್ಟೇನಾ?’ ಅನ್ನಿಸುವುದು ಸಹಜ. ಅದರ ಲೆಕ್ಕ ಬಿಗಿಯಾದದ್ದು: 7 ಗ್ರಾಂ ಪುಡಿ, 9 ಬಾರ್ ಒತ್ತಡ (ಈ ಬಾರ್ ಒತ್ತಡದ ಅಳತೆ, ಅಂಗಡಿಯಲ್ಲ), 25 ಸೆಕೆಂಡು, 25 ಮಿಲಿಲೀಟರ್. ಪುಡಿ ಒರಟಾದರೆ ನೀರು ಬೇಗ ಓಡಿ ಕಾಫಿ ಹುಳಿಯಾಗಿ ತೆಳ್ಳಗಾಗುತ್ತದೆ. ತೀರಾ ನುಣ್ಣಗಾದರೆ ತೊಟ್ಟಿಕ್ಕುತ್ತ ಕಹಿ ಬಿಡುತ್ತದೆ. ಗಾಳಿಯ ತೇವ ಬದಲಾದಂತೆ ಪುಡಿಯ ನಡತೆಯೂ ಬದಲಾಗುವುದರಿಂದ, ಒಳ್ಳೆಯ ಕೈಯವನು ದಿನಕ್ಕೆ ಹಲವು ಸಲ ಬೀಸುವ ಯಂತ್ರದ ತಿರುಪನ್ನು ಕೂದಲೆಳೆಯಷ್ಟು ತಿರುಗಿಸುತ್ತಿರುತ್ತಾನೆ. ಜೊತೆಗೆ ಪುಟ್ಟ ಲೋಟದಲ್ಲಿ ನೀರು ಕೊಟ್ಟರೆ ಅದು ಮೊದಲು ಕುಡಿಯಲಿಕ್ಕೆ, ಬಾಯಿ ತೊಳೆಯಲಿ ಎಂದು. ಕಾಫಿ ಮೂರು ಗುಟುಕು. ಆರಲು ಬಿಟ್ಟು ಫೋನ್ ನೋಡುತ್ತ ನಿಂತರೆ ಕೆಟ್ಟಿತು.

ಮೇಲಿನ ಹೊಂಬಣ್ಣದ ನೊರೆಯಲ್ಲಿ ನಮ್ಮವರ ಪಾಲೂ ಇದೆ. ಭಾರತದ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವ ದೇಶ ಇಟಲಿ. ಭಾರತದ ಕಾಫಿಯಲ್ಲಿ ನೂರಕ್ಕೆ ಎಪ್ಪತ್ತರಷ್ಟು ಬೆಳೆಯುವುದು ಕೊಡಗು, ಚಿಕ್ಕಮಗಳೂರು, ಹಾಸನಗಳಲ್ಲಿ. ನೊರೆ ದಪ್ಪಗೆ ನಿಲ್ಲಲು ರೊಬಸ್ಟಾ ಜಾತಿಯ ಕಾಫಿ ಬೇಕು. ಎಷ್ಟು ಬೆರೆಸುತ್ತಾರೆ ಎಂಬುದನ್ನು ಮಾತ್ರ ಹುರಿಯುವವರು ಬಾಯಿ ಬಿಡುವುದಿಲ್ಲ.

ಹೀಗೆ ನಿಂತು ಕುಡಿಯಲು ರೋಮಿನಲ್ಲಿ ತಕ್ಕ ಕೇರಿ ತೆಸ್ತಾಚ್ಚೊ. ನದಿಯಾಚೆಯ ತ್ರಾಸ್ತೆವೆರೆಯ ಹೆಸರು ದೊಡ್ಡದು, ಗೋಡೆಗೆ ಹಬ್ಬಿದ ಬಳ್ಳಿಗಳೂ ಚೆಂದ. ಆದರೆ ಅಲ್ಲಿ ಸಂಜೆಯಾದರೆ ಮನೆಯವರಿಗಿಂತ ನೆಂಟರೇ ಹೆಚ್ಚು. ತೆಸ್ತಾಚ್ಚೊಗೆ ಕೊಲೊಸಿಯಂನಿಂದ ಮೆಟ್ರೊದ ಬಿ ಮಾರ್ಗದಲ್ಲಿ ಎರಡನೆಯ ನಿಲ್ದಾಣ, ಪಿರಾಮಿದೆ. ಟಿಕೆಟ್ 1 ಯೂರೊ 50 ಸೆಂಟ್, 100 ನಿಮಿಷ ನಡೆಯುತ್ತದೆ. ಅಷ್ಟರೊಳಗೆ ಬಸ್ಸು ಎಷ್ಟು ಸಲವಾದರೂ ಬದಲಿಸಬಹುದು, ಮೆಟ್ರೊಗೆ ಮಾತ್ರ ಒಂದೇ ಸಲ ಪ್ರವೇಶ. ಕಾಗದದ ಟಿಕೆಟನ್ನು ಬಸ್ಸು ಹತ್ತಿದ ಕೂಡಲೇ ಯಂತ್ರಕ್ಕೆ ತೂರಿಸಿ ಮುದ್ರೆ ಹಾಕಿಸಬೇಕು. ಕೊಂಡಿದ್ದೇನಲ್ಲ ಎಂದು ಜೇಬಿನಲ್ಲೇ ಇಟ್ಟುಕೊಂಡರೆ ಟಿಕೆಟ್ ಇಲ್ಲದವನಿಗೆ ಬೀಳುವ ದಂಡವೇ ಬೀಳುತ್ತದೆ. ಬಸ್ಸಿನ ಚಾಲಕ ಟಿಕೆಟ್ ಕೊಡುವುದಿಲ್ಲ. ಕಾಗದದ ಟಿಕೆಟನ್ನು ‘ಟಿ’ ಎಂಬ ಫಲಕ ತೂಗುಹಾಕಿದ ತಂಬಾಕಿನ ಅಂಗಡಿಯಲ್ಲಿ ಮೊದಲೇ ಕೊಂಡಿರಬೇಕು.

ನಿಲ್ದಾಣದಿಂದ ಹೊರಬಂದರೆ ಎದುರಿಗೆ ನಿಜಕ್ಕೂ ಒಂದು ಪಿರಮಿಡ್ಡು. ಕ್ರಿಸ್ತಪೂರ್ವದಲ್ಲಿ ಸೆಸ್ತಿಯಸ್ ಎಂಬವನು ತನ್ನ ಗೋರಿಗೆಂದು ಕಟ್ಟಿಸಿದ್ದು. ಅದರ ಬೆನ್ನಿಗೇ ಕ್ಯಾಥೊಲಿಕರಲ್ಲದವರ ಸ್ಮಶಾನ. ಕವಿ ಕೀಟ್ಸ್ ಇಲ್ಲಿದ್ದಾನೆ, ಕಲ್ಲಿನ ಮೇಲೆ ಅವನ ಹೆಸರಿಲ್ಲ. ಕವಿ ಶೆಲ್ಲಿ, ಇಟಲಿಯ ಕಮ್ಯುನಿಸ್ಟ್ ಚಿಂತಕ ಗ್ರಾಮ್ಶಿ ಕೂಡ ಇಲ್ಲೇ. ಬಿಸಿಲಿನ ಹೊತ್ತಿಗೆ ನೆರಳು ಚೆನ್ನಾಗಿದೆ, ಬೆಕ್ಕುಗಳಿವೆ.

ಕೇರಿಯ ಬೀದಿಗಳು ನೇರ, ಮನೆಗಳು ನಾಲ್ಕೈದು ಮಹಡಿಯವು, ನಡುವೆ ಹಂಚಿಕೊಂಡ ಅಂಗಳ. ಇವು ಕೆಲಸಗಾರರಿಗಾಗಿ ಕಟ್ಟಿದವು. 1891ರ ಹೊತ್ತಿಗೆ ಇಲ್ಲಿ ಊರಿನ ದೊಡ್ಡ ಕಸಾಯಿಖಾನೆ ಮೇಲೆದ್ದಿತು, 1975ರಲ್ಲಿ ಮುಚ್ಚಿತು. ಒಳ್ಳೆಯ ಮಾಂಸ ಶ್ರೀಮಂತರಿಗೆ ಹೋಗಿ, ಕರುಳು, ಬಾಲ, ನಾಲಿಗೆಗಳು ಕೂಲಿಯ ಭಾಗವಾಗಿ ಕೆಲಸದವರ ಕೈಗೆ ಬರುತ್ತಿದ್ದವು. ಈ ಕೇರಿಯ ಹೆಸರುವಾಸಿ ಅಡುಗೆ ಹುಟ್ಟಿದ್ದು ಆ ಉಳಿಕೆಯಲ್ಲಿ. ಇಷ್ಟು ಓದಿ ಸಸ್ಯಾಹಾರಿಗಳು ಪುಟ ಮಗುಚುವುದು ಬೇಡ, ಅವರ ಪಾಲಿನದೂ ಬರುತ್ತದೆ.

ಅದಕ್ಕೆ ಮುಂಚೆ ಈ ಕೇರಿಯ ಗುಡ್ಡ. ಸುಮಾರು 35 ಮೀಟರ್ ಎತ್ತರ, ಸುತ್ತ ಒಂದು ಕಿಲೋಮೀಟರ್, ಮೇಲೆ ಹುಲ್ಲು. ಕೆಳಗಿರುವುದು ಕಲ್ಲೂ ಅಲ್ಲ ಮಣ್ಣೂ ಅಲ್ಲ, ಪೂರಾ ಮಡಕೆಯ ಚೂರು. ಎರಡು ಸಾವಿರ ವರ್ಷದ ಹಿಂದೆ ಸ್ಪೇನ್, ಉತ್ತರ ಆಫ್ರಿಕಾಗಳಿಂದ ಆಲಿವ್ ಎಣ್ಣೆ ಬರುತ್ತಿದ್ದ ಜಾಡಿಗಳು ಇವು. ಖಾಲಿ ಜಾಡಿಯೇ 30 ಕಿಲೊ, ಹಿಡಿಸುವ ಎಣ್ಣೆ 70 ಲೀಟರ್. ದ್ರಾಕ್ಷಾರಸದ ಜಾಡಿಯನ್ನಾದರೆ ಮತ್ತೆ ಬಳಸಬಹುದು. ಎಣ್ಣೆ ಮಣ್ಣಿಗೆ ಇಳಿದು ಕಮಟು ಹಿಡಿದದ್ದನ್ನು ಏನು ಮಾಡುವುದು? ಒಡೆದು, ಓರಣವಾಗಿ ಪೇರಿಸಿ, ನಾತ ಬಾರದಂತೆ ಸುಣ್ಣ ಎರಚಿದರು. ಚೂರುಗಳ ಸಂದಿನಲ್ಲಿ ಗಾಳಿಯಾಡುವುದರಿಂದ ಗುಡ್ಡದ ಬುಡ ಬೇಸಿಗೆಯಲ್ಲೂ ತಂಪು. ಆಮೇಲಿನವರು ಅಲ್ಲಿ ನೆಲಮಾಳಿಗೆ ತೋಡಿ ವೈನ್ ಇಟ್ಟರು. ಈಗ ಅವೇ ಹೋಟೆಲುಗಳು, ಕೆಲವದರ ಹಿಂಗೋಡೆಗೆ ಗಾಜು ಹಾಕಿದ್ದಾರೆ, ಊಟ ಮಾಡುತ್ತ ಚೂರುಗಳ ಪದರ ನೋಡಬಹುದು. ಗುಡ್ಡ ಹತ್ತಲು ಮುಂಚೆಯೇ ಅನುಮತಿ ಬೇಕು. ಹತ್ತದಿದ್ದರೂ ನಷ್ಟವಿಲ್ಲ, ಅದರ ಸೊಗಸೆಲ್ಲ ಬದಿಯಿಂದ ಕಾಣುವುದರಲ್ಲೇ ಇದೆ.

ಗುಡ್ಡದ ಹತ್ತಿರವೇ ಕೇರಿಯ ಮಾರುಕಟ್ಟೆ. 2012ರಲ್ಲಿ ಈ ಹೊಸ ಕಟ್ಟಡಕ್ಕೆ ಬಂತು. ಬೆಳಿಗ್ಗೆ ಒಂಬತ್ತರಿಂದ ಹನ್ನೊಂದು ಒಳ್ಳೆಯ ಹೊತ್ತು. ಒಂದೂವರೆಗೆ ತರಕಾರಿಯವರು ಮೂಟೆ ಕಟ್ಟತೊಡಗುತ್ತಾರೆ, ಭಾನುವಾರ ರಜೆ. ಇಲ್ಲಿ ಒಂದು ನಿಯಮವನ್ನು ನಮ್ಮವರು ಖಂಡಿತ ಮುರಿಯುತ್ತಾರೆ: ಹಣ್ಣು ಮುಟ್ಟಿ ನೋಡಬಾರದು. ಬೆಂಡೆಕಾಯಿಯ ತುದಿ ಮುರಿದು, ತೆಂಗಿನಕಾಯಿ ಕುಲುಕಿ ಕೊಳ್ಳುವ ಕೈಗೆ ಇದು ಕಷ್ಟವೇ. ಆದರೆ ಅಲ್ಲಿ ಆರಿಸುವುದು ಮಾರುವವನ ಕೆಲಸ. ‘ಇವತ್ತು ತಿನ್ನಲಿಕ್ಕೋ, ನಾಳೆಗೋ’ ಎಂದು ಅವನೇ ಕೇಳಿ ಅದಕ್ಕೆ ತಕ್ಕ ಹಣ್ಣು ತೆಗೆದುಕೊಡುತ್ತಾನೆ. ಚೌಕಾಸಿಯೂ ಇಲ್ಲ. ತೂಕ ಕೇಳುವುದು ‘ಎತ್ತೊ’ ಲೆಕ್ಕದಲ್ಲಿ, ಒಂದು ಎತ್ತೊ ಎಂದರೆ 100 ಗ್ರಾಂ. ಬೆಲೆ ಅಗ್ಗವೆಂದು ಕಂಡರೆ ಅದು ಕಿಲೊಗೋ ಎತ್ತೊಗೋ ಎಂದು ಇನ್ನೊಮ್ಮೆ ಚೀಟಿ ನೋಡಿ. ಚೀಸಿನ ಅಂಗಡಿಯಲ್ಲಿ ಈ ವ್ಯತ್ಯಾಸ ಜೇಬಿಗೆ ತಟ್ಟುತ್ತದೆ.

ಚಳಿಗಾಲದಲ್ಲಿ ಹೋದವರಿಗೆ ಪುಂತಾರೆಲ್ಲೆ ಸಿಗುತ್ತದೆ. ಚಿಕೋರಿಯ ಒಂದು ಬಗೆಯ ಎಳೆಯ ಕಾಂಡ. ತಂತಿ ಹೆಣೆದ ಪುಟ್ಟ ಮರದ ಚೌಕಟ್ಟಿನ ಮೂಲಕ ಒಂದೊಂದೇ ಕಾಂಡವನ್ನು ಒತ್ತಿದರೆ ಎಳೆಎಳೆಯಾಗುತ್ತದೆ. ತಣ್ಣೀರಿನಲ್ಲಿ ಒಂದು ಗಂಟೆ ಬಿಟ್ಟರೆ ಎಳೆಗಳು ಸುರುಳಿ ಸುತ್ತಿಕೊಳ್ಳುತ್ತವೆ, ಕಹಿಯೂ ಇಳಿಯುತ್ತದೆ. ಹೋಟೆಲಿನಲ್ಲಿ ಇದಕ್ಕೆ ಬೆಳ್ಳುಳ್ಳಿ, ವಿನೆಗರಿನೊಂದಿಗೆ ಉಪ್ಪಿಟ್ಟ ಮೀನು ಅರೆದು ಹಾಕುತ್ತಾರೆ. ಅಡುಗೆಮನೆಯಿರುವ ವಸತಿ ಹಿಡಿದಿದ್ದರೆ ಹೆಚ್ಚಿ ಇಟ್ಟದ್ದನ್ನು ಕೊಂಡುತಂದು ನಿಂಬೆಹುಳಿ, ಬೆಳ್ಳುಳ್ಳಿ, ಆಲಿವ್ ಎಣ್ಣೆ, ಉಪ್ಪು ಕಲೆಸಿಕೊಳ್ಳಬಹುದು. ಅಂದೇ ತಿನ್ನಬೇಕು, ಮರುದಿನಕ್ಕೆ ಅಂಚು ಕಂದುತ್ತದೆ. ನಾವು ಬೇರು ಹುರಿದು ಫಿಲ್ಟರ್ ಕಾಫಿಗೆ ಬೆರೆಸುವ ಚಿಕೋರಿಯೂ ಇದೇ ಜಾತಿ. ಅವರು ಅದರ ಎಲೆ ಬೇಯಿಸಿ, ಹಿಂಡಿ, ಬೆಳ್ಳುಳ್ಳಿ ಒಣಮೆಣಸಿನಕಾಯಿಯ ಒಗ್ಗರಣೆಯಲ್ಲಿ ಬಾಡಿಸುತ್ತಾರೆ. ‘ಚಿಕೋರಿಯಾ ರಿಪಸ್ಸಾತಾ’ ಎಂದು ಕೇಳಿದರೆ ವರ್ಷವಿಡೀ ಸಿಗುವ ಪಲ್ಯ. ವಸಂತದ ಹೊತ್ತಿಗಾದರೆ ಆರ್ಟಿಚೋಕ್ ಎಂಬ ಗಿಡದ ದಪ್ಪ ಮೊಗ್ಗು, ರೋಮನ್ ಬಗೆಯಲ್ಲಿ ಪುದೀನದ ಜಾತಿಯ ಸೊಪ್ಪು, ಬೆಳ್ಳುಳ್ಳಿ ತುಂಬಿ ಬೇಯಿಸಿದ್ದು. ಮೀನಿಲ್ಲ, ಮಾಂಸವಿಲ್ಲ.

ಮಧ್ಯಾಹ್ನಕ್ಕೆ ತೂಕದ ಪಿಜ್ಜಾ. ಉದ್ದನೆಯ ತಟ್ಟೆಗಳಲ್ಲಿ ಸುಟ್ಟದ್ದನ್ನು ಕತ್ತರಿಯಲ್ಲೋ ಚಾಕುವಿನಲ್ಲೋ ತುಂಡು ಮಾಡಿ ತೂಗಿ ಕೊಡುತ್ತಾರೆ. ಎಷ್ಟು ಬೇಕೆಂದು ಕೈಯಲ್ಲಿ ತೋರಿಸಿ. ಅವನು ಚಾಕು ಇಟ್ಟು ‘ಇಷ್ಟಾ?’ ಎಂಬಂತೆ ನೋಡಿದಾಗ ಹೆಚ್ಚಾಗಿದ್ದರೆ ಆಗಲೇ ಹೇಳಬೇಕು, ಕತ್ತರಿಸಿದ ಮೇಲೆ ನಿಮ್ಮದೇ. ಒಬ್ಬರಿಗೆ 200 ಗ್ರಾಂ ಸಾಕು. ಆಲೂಗಡ್ಡೆ, ಚೀಸು ಹೊತ್ತ ತುಂಡು ಭಾರ, ಹಾಗಾಗಿ ದುಬಾರಿ. ಬರೀ ಟೊಮ್ಯಾಟೊ ಬಳಿದ ‘ರೊಸ್ಸಾ’ ಹಗುರ, ಚೀಸೂ ಇಲ್ಲ. ನನ್ನ ಓಟು ಅದಕ್ಕೇ, ಹಿಟ್ಟು ಚೆನ್ನಾಗಿದೆಯೋ ಇಲ್ಲವೋ ತಿಳಿಯುವುದು ಅದರಲ್ಲಿ ಮಾತ್ರ. ಪಕ್ಕದಲ್ಲಿರುವ ಕರಿದ ಅನ್ನದ ಉಂಡೆ ಸುಪ್ಪ್ಲಿ ನೋಡಲು ಸಾಧು, ಆದರೆ ಅನ್ನಕ್ಕೆ ಮಾಂಸದ ಸಾರು ಕಲೆಸಿರುವುದೇ ಹೆಚ್ಚು, ಕೇಳದೆ ಕಚ್ಚಬೇಡಿ. ಹಾಗೆಯೇ ಮೆಣಸು, ಚೀಸಿನ ಪಾಸ್ತಾ ಕಾಚೊ ಎ ಪೆಪೆಗೆ ಬೀಳುವ ಪೆಕೊರೀನೊ ರೊಮಾನೊ ಚೀಸನ್ನು ಹೆಪ್ಪುಗಟ್ಟಿಸುವುದು ಕುರಿಮರಿಯ ಹೊಟ್ಟೆಯಿಂದ ತೆಗೆದ ಹೆಪ್ಪಿನಿಂದ. ಕಟ್ಟುನಿಟ್ಟಿನವರು ಅದನ್ನೂ ಲೆಕ್ಕಕ್ಕೆ ತಗೊಳ್ಳಬೇಕು.

ನೀರಿಗೆ ಬಾಟಲಿ ಕೊಳ್ಳುವುದು ದಂಡ. ರೋಮಿನ ಬೀದಿಗಳಲ್ಲಿ ಎರಡು ಸಾವಿರದ ಮೇಲೆ ಎರಕದ ಕಬ್ಬಿಣದ ನಲ್ಲಿಕಂಬಗಳಿವೆ, ಹೆಸರು ನಸೋನೆ. 1870ರ ದಶಕದಿಂದ ಹಗಲೂ ರಾತ್ರಿ ಸುರಿಯುತ್ತಿವೆ. ಮನೆಗಳಿಗೆ ಬರುವ ನೀರೇ. ತಿರುಪು ಇಲ್ಲ, ಬಗ್ಗಿ ಬೊಗಸೆ ಹಿಡಿಯುವುದೂ ಬೇಕಿಲ್ಲ. ಬಾಗಿದ ಕೊಳವೆಯ ಬಾಯಿಗೆ ಬೆರಳು ಒತ್ತಿದರೆ ಮೇಲಿನ ಸಣ್ಣ ತೂತಿನಿಂದ ನೀರು ಕಮಾನಾಗಿ ಚಿಮ್ಮುತ್ತದೆ, ಬಾಯಿ ಒಡ್ಡಿದರಾಯಿತು. ಮೆಲ್ಲಗೆ ಒತ್ತಬೇಕು. ಒಮ್ಮೆಗೇ ಒತ್ತಿದವರ ಕನ್ನಡಕ, ಅಂಗಿ, ಹಿಂದೆ ನಿಂತವರ ಅಂಗಿ, ಎಲ್ಲ ಒದ್ದೆ. 2017ರ ಬರಗಾಲದಲ್ಲಿ ಇವುಗಳಲ್ಲಿ ಹಲವನ್ನು ನಿಲ್ಲಿಸಹೊರಟಾಗ ಊರೇ ಗೊಣಗಿತ್ತು.

ಒಂದರಿಂದ ನಾಲ್ಕರವರೆಗೆ ಸಣ್ಣ ಅಂಗಡಿಗಳ ಷಟರು ಅರ್ಧ ಇಳಿದಿರುತ್ತದೆ. ಆಗಸ್ಟ್ ನಡುವಿನಲ್ಲಂತೂ ಪೂರ್ತಿ ಇಳಿದು, ರಜೆಯ ಚೀಟಿ ಅಂಟಿರುತ್ತದೆ. ಆ ತಿಂಗಳು ಕೇರಿ ನೋಡಲು ಹೋಗುವುದು ಮದುವೆ ಮುಗಿದ ಮೇಲೆ ಛತ್ರಕ್ಕೆ ಹೋಗುವ ಕೆಲಸ.

ಸಂಜೆ ಆರರ ಮೇಲೆ ಸಾಂತಾ ಮರಿಯಾ ಲಿಬೆರಾತ್ರೀಚೆ ಚೌಕದ ಬೆಂಚಿನಲ್ಲಿ ಜಾಗ ಹಿಡಿಯಿರಿ, ಇಲ್ಲಿ ಕೂತರೆ ದುಡ್ಡಿಲ್ಲ. ಮಕ್ಕಳು ಚೆಂಡೊದೆಯುತ್ತಾರೆ, ಅಜ್ಜಿಯರು ಮಕ್ಕಳನ್ನೂ ಮಕ್ಕಳ ತಾಯಂದಿರನ್ನೂ ಒಟ್ಟಿಗೆ ಗದರುತ್ತಾರೆ. ಹಸಿವಾಯಿತೆಂದು ಆಗಲೇ ಎದ್ದು ಹೋಟೆಲಿನ ಬಾಗಿಲು ತಟ್ಟಿದರೆ ಒಳಗೆ ಅಡುಗೆಯವರೇ ಊಟಕ್ಕೆ ಕೂತಿರುತ್ತಾರೆ. ಕೇರಿಯವರು ಬರುವುದು ಎಂಟೂವರೆ, ಒಂಬತ್ತಕ್ಕೆ. ಬ್ರೆಡ್ಡಿಗೆಂದು ತಲೆಗೆ ಒಂದೆರಡು ಯೂರೊ ಬಿಲ್ಲಿನಲ್ಲಿ ಸೇರಬಹುದು, ಬೇಡವಾದರೆ ಬುಟ್ಟಿ ಮುಟ್ಟದೆ ಹಿಂದಿರುಗಿಸಿ. ಟಿಪ್ಸಿಗೆ ಚಿಲ್ಲರೆ ಸಾಕು. ಬಿಲ್ಲನ್ನು ಮಾತ್ರ ಕೇಳಿಯೇ ತರಿಸಿಕೊಳ್ಳಬೇಕು. ಕೇಳದೆ ತಂದಿಟ್ಟರೆ ಎದ್ದು ಹೋಗಿ ಎಂದಂತಾಗುತ್ತದೆಂದು ಅವರು ಮಧ್ಯರಾತ್ರಿಯವರೆಗೂ ಸುಮ್ಮನಿರಬಲ್ಲರು. ಶುಕ್ರವಾರ, ಶನಿವಾರ ಬಿಟ್ಟು ಉಳಿದ ದಿನ ಮೆಟ್ರೊ ಹನ್ನೊಂದೂವರೆಗೇ ಮುಗಿಯುವುದರಿಂದ, ಹನ್ನೊಂದಾಗುವ ಮೊದಲು ಕೈ ಎತ್ತಿ.