ನೆತ್ತಿಗೆ ನೀರು

ಗ್ಲಾಸ್ಗೋದ ಹಿತ್ತಲಲ್ಲಿ ನಾನು ಗಿಡಕ್ಕೆ ನೀರು ಹಾಕುವುದನ್ನು ವಿಡಿಯೋ ಕಾಲ್‌ನಲ್ಲಿ ನೋಡಿ, ವಿಜಯಪುರ ಜಿಲ್ಲೆಯ ಇಂಡಿಯಲ್ಲಿರುವ ಅಪ್ಪ ನಕ್ಕುಬಿಟ್ಟರು. "ಬುಡಾ ಬಿಟ್ಟು ನೆತ್ತಿ ಮ್ಯಾಲ ಸುರೀತಿಯಲ್ಲೋ ತಮ್ಮಾ, ಅದಕ್ಕೇನ್ ಜಳಕಾ ಮಾಡಸಾಕತ್ತೀಯೇನು?"

ಒಂಥರಾ ಜಳಕವೇ. ಅದು ಮರಜರಿ, ಟ್ರೀ ಫರ್ನ್; ಮರದ ಹಾಗೆ ಕಾಂಡವಿರುವ ಜರಿಗಿಡ. ಆಸ್ಟ್ರೇಲಿಯಾದ ಆಗ್ನೇಯ ಮೂಲೆ ಮತ್ತು ಟಾಸ್ಮೇನಿಯಾದ ತಂಪು ಕಾಡಿನದು. ಅದರ ಕಾಂಡದ ಹೊರಗೆ ಕಾಣುವುದೆಲ್ಲ ಹೆಣೆದುಕೊಂಡ ಕಂದು ಬೇರು. ಹಾಗಾಗಿ ನೀರು ಕಾಂಡಕ್ಕೂ ತಲೆಗೂ ಬೀಳಬೇಕು. ನಿಂಬೆ ತೋಟದಲ್ಲಿ ಬೆಳೆದ ನನಗೆ ಇದು ತಲೆಗೇ ಹೋಗಲಿಲ್ಲ. ಮೊದಲ ಬೇಸಿಗೆ ಬುಡಕ್ಕೆ ಪಾತಿ ಮಾಡಿ ನೀರು ನಿಲ್ಲಿಸಿದೆ. ಎಲೆ ಗೇಣುದ್ದ ಬಂದು ನಿಂತವು. ಮಳೆಯ ಊರು ನಿಜ, ಆದರೆ ಒಂದು ವಾರ ಒಣಗಾಳಿ ಬೀಸಿದರೂ ಸಾಕು, ಇದು ಮುದುಡುತ್ತದೆ. ಪಕ್ಕದ ಮನೆಯ ಅಜ್ಜಿ ಬೇಲಿಯಾಚೆಯಿಂದ ಇಣುಕಿ, ತಲೆ ಒಣಗಿದೆ ನೋಡು ಅಂದರು. ಮರುವರ್ಷ ನೆತ್ತಿಗೇ ಸುರಿದೆ. ಮಂಗನ ಮರಿಯ ಬಾಲದಂಥ ಸುರುಳಿಗಳು ಎದ್ದವು, ಮೈತುಂಬಾ ಕಂದು ರೋಮ. ಬಿಚ್ಚಿಕೊಂಡಾಗ ನನ್ನ ತೋಳಿಗಿಂತ ಉದ್ದ.

ಚಳಿಗಾಲಕ್ಕೆ ಮೊದಲು ಇಲ್ಲಿಯವರು ಅದರ ನೆತ್ತಿಗೆ ಒಣಹುಲ್ಲು ತುಂಬಿ, ಎಲೆಗಳನ್ನೇ ಮೇಲೆ ಮಡಚಿ ಕಟ್ಟುತ್ತಾರೆ. ಮುಂದಿನ ವರ್ಷದ ಎಲೆಗಳೆಲ್ಲ ಅಲ್ಲೇ ಸುರುಳಿ ಸುತ್ತಿ ಮಲಗಿರುತ್ತವೆ. ಅದು ಹೆಪ್ಪುಗಟ್ಟಿದರೆ ಗಿಡ ಮುಗಿದಂತೆ. ಅಪ್ಪ ಏಪ್ರಿಲ್‌ನಲ್ಲಿ ಎಳೆ ನಿಂಬೆ ಸಸಿಗೆ ಜೋಳದ ಕಣಿಕಿಯ ಗೂಡು ಕಟ್ಟುವುದೂ ಇದೇ ಕೆಲಸ ಅಲ್ವಾ? ಅಲ್ಲಿ ಬಿಸಿಲಿಗೆ, ಇಲ್ಲಿ ಚಳಿಗೆ.

ಇಲ್ಲಿಯವರ ಈ ಆರೈಕೆ ನನಗೆ ಇಷ್ಟ. ಇಷ್ಟವಾಗದ್ದು ಒಂದೇ, ಇದನ್ನು ಅಡಿ ಲೆಕ್ಕದಲ್ಲಿ ಮಾರುವುದು. ವರ್ಷಕ್ಕೆ ಹೆಚ್ಚುಕಡಿಮೆ 2.5 ಸೆಂಟಿಮೀಟರ್ ಬೆಳೆಯುವ ಗಿಡ. ನಾನು ತಂದದ್ದು ಎರಡಡಿಯ ಕೊರಡು, ಎಲೆಯೂ ಇಲ್ಲ, ಕೆಳಗೆ ಬೇರೂ ಇಲ್ಲ. ಅಂದರೆ ಯಾವುದೋ ಕಾಡಿನ ಇಪ್ಪತ್ತೈದು ವರ್ಷವನ್ನು ಒಂದು ಮಧ್ಯಾಹ್ನ ಕಾರ್ಡ್ ಉಜ್ಜಿ ಮನೆಗೆ ತಂದೆ. ಅಪ್ಪ ಸಸಿ ನೆಟ್ಟು ಮೂರ್ನಾಲ್ಕು ವರ್ಷ ಒಂದು ಕಾಯಿಯನ್ನೂ ನೋಡದೆ ಕಾಯುತ್ತಾರೆ. ಈ ಊರಿನ ಕಿಬಲ್ ಪ್ಯಾಲೇಸ್ ಎಂಬ ಗಾಜಿನ ಮನೆಯಲ್ಲಿ ನೂರು ವರ್ಷ ದಾಟಿದ ಮರಜರಿಗಳಿವೆ, ಇಲ್ಲಿಯೂ ಕಾದವರಿದ್ದಾರೆ. ಮುಂದಿನದನ್ನು ಮರಿಯಾಗಿಯೇ ತರುತ್ತೇನೆ.

ಈ ನಡುವೆ ವಿಜಯಪುರದ ಮಾವನ ಮಗ, ಹೊಸ ಮನೆ ಟೆರೇಸಿಗೆ ಇಂಥದ್ದೊಂದು ಬೇಕು ಅಂದ. ಬೇಡ ಅಂದೆ. ಬೋರ್‌ವೆಲ್ ನೀರು ಎಷ್ಟಾದರೂ ಹಾಕು, ಆ ಬಿಸಿಗಾಳಿ ಅದರ ಎಲೆಯನ್ನು ಹಪ್ಪಳ ಮಾಡುತ್ತದೆ. "ಎಸಿ ಹಾಕ್ಸೂಣ ಬಿಡೋ" ಅಂದ!

ಅಪ್ಪನದು ಬೇರೆ ಚಿಂತೆ. "ಹಣ್ಣ ಬಿಡ್ತದೇನು?"

"ಹೂವೂ ಇಲ್ಲ, ಹಣ್ಣೂ ಇಲ್ಲ ಅಪ್ಪಾ."

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಎಷ್ಟ್ ಕೊಟ್ಟಿ?"

ನೆಟ್‌ವರ್ಕ್ ಸರಿ ಇಲ್ಲ ಅಂದೆ.