ಕಬ್ಬಿನ ಜೊತೆ ಹೋದ 12 ಮಕ್ಕಳು

ನಮ್ಮೂರ ಸರ್ಕಾರಿ ಶಾಲೆಯ ಎಲ್‌ಕೆಜಿಗೆ ಜೂನ್‌ನಲ್ಲಿ 26 ಮಕ್ಕಳ ಹೆಸರು ಹಚ್ಚಿದ್ದರು. ಮೊನ್ನೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಗೆ ಹೋದಾಗ ಎಣಿಸಿದೆ. ಕೂತಿದ್ದವರು 14. "ಇಷ್ಟ ಮಕ್ಕಳಿಗೆ ಬ್ಯಾರೆ ಅಕ್ಕೋರು ಯಾಕ ಬೇಕ್ರಿ? ಅಂಗನವಾಡಿಗೆ ಕಳಸ್ರಿ" ಅಂದರು ಒಬ್ಬರು. ನನಗೆ ಸುಮ್ನೆ ಕೂರಲು ಆಗಲಿಲ್ಲ. ಆ 12 ಮಕ್ಕಳು ಶಾಲೆ ಬಿಟ್ಟಿಲ್ಲ. ಕಬ್ಬಿನ ಜೊತೆ ಹೋಗಿದ್ದಾರೆ.

ನಮ್ಮದು ವಿಜಯಪುರ ಜಿಲ್ಲೆ. ದೀಪಾವಳಿ ಮುಗಿಯುತ್ತಲೇ ಪಕ್ಕದ ಲಂಬಾಣಿ ತಾಂಡಾದ ಜನ ಕಬ್ಬು ಕಡಿಯಲು ಸಾಂಗ್ಲಿ, ಕೊಲ್ಹಾಪುರದ ಕಡೆ ಹೊರಡುತ್ತಾರೆ. ಗಂಡ ಹೆಂಡತಿಯನ್ನು ಒಂದು ಜೋಡಿ ಅಂತ ಹಿಡಿದು, ಗ್ಯಾಂಗ್ ಕಟ್ಟಿ ಕರೆದೊಯ್ಯುವ ಮುಕಾದಮ್ ಮೊದಲೇ ಮುಂಗಡ ಕೊಟ್ಟಿರುತ್ತಾನೆ. ಕೂಲಿ ಟನ್ನಿನ ಲೆಕ್ಕದ್ದು. ಒಬ್ಬರು ಕಡಿದರೆ ಇನ್ನೊಬ್ಬರು ಸಿವುಡು ಕಟ್ಟಬೇಕು. ತಾಯಿ ಮನೆಯಲ್ಲಿ ಉಳಿಯೋ ಮಾತೇ ಇಲ್ಲ. ತಾಯಿ ಹೋದರೆ ನಾಲ್ಕು ವರ್ಷದ ಕೂಸೂ ಹೊರಡಲೇಬೇಕು ಅಲ್ವಾ?

ಊರಲ್ಲಿ ಕೈಯಲ್ಲಿ ನಾಲ್ಕು ಕಾಸಿದ್ದವರ ಮಕ್ಕಳು ಬೆಳಗ್ಗೆ ಪ್ರೈವೇಟ್ ಶಾಲೆಯ ವ್ಯಾನ್ ಹತ್ತುತ್ತಾರೆ. ನಮ್ಮ ಎಲ್‌ಕೆಜಿಗೆ ಬರುವವರಲ್ಲಿ ತಾಂಡಾದ ಮಕ್ಕಳೇ ಜಾಸ್ತಿ. ಉಳಿದವರು ಕೂಲಿಯವರ ಮಕ್ಕಳು, ಮನೆಯಲ್ಲಿ ಉರ್ದು ಆಡುವ ಮೂರ್ನಾಲ್ಕು ಮಕ್ಕಳು. ಹೋದ ವರ್ಷ ತಾಂಡಾದ ಒಂದು ಹುಡುಗಿ ಜೂನ್‌ನಲ್ಲಿ "ಪಾಣಿ" ಅಂತಲೇ ಕೇಳುತ್ತಿತ್ತು. ದಸರೆ ಹೊತ್ತಿಗೆ "ಅಕ್ಕೋರೆ, ನೀರ್ ಕೊಡ್ರಿ" ಅನ್ನತೊಡಗಿತು. ಆಮೇಲೆ ಗ್ಯಾಂಗಿನ ಜೊತೆ ಹೋಯಿತು. ಯುಗಾದಿಗೆ ವಾಪಸ್ ಬಂದಾಗ ಬಾಗಿಲ ಹತ್ತಿರ ನಿಂತು ಲೋಟ ತೋರಿಸಿತು. ಮಾತೇ ಇಲ್ಲ. ಅದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

1ನೇ ತರಗತಿಗೆ ಸೇರಲು 6 ವರ್ಷ ತುಂಬಿರಬೇಕು ಅನ್ನುತ್ತದೆ ನಿಯಮ. ಅದಕ್ಕೂ ಮುಂಚೆ ಎಲ್‌ಕೆಜಿ, ಯುಕೆಜಿ ಅಂತ ಎರಡು ವರ್ಷ. ಎರಡರಲ್ಲೂ ನಾಲ್ಕೈದು ತಿಂಗಳು ಕಬ್ಬಿಗೆ ಹೋದರೆ ಆ ಕೂಸಿಗೆ ಉಳಿಯೋದೆಷ್ಟು?

ಅಂಗನವಾಡಿ ಅಕ್ಕನ ಮೇಲೆ ನನಗೆ ಸಿಟ್ಟಿಲ್ಲ. ಎಲ್‌ಕೆಜಿಯಿಂದ ತಮ್ಮ ಮಕ್ಕಳು ಕಡಿಮೆಯಾಗುತ್ತಾರೆ ಅನ್ನೋ ಅವರ ಚಿಂತೆ ನಿಜವೇ. ಆದರೆ ಡಿಸೆಂಬರಿನ ತಲೆ ಎಣಿಸಿ ತರಗತಿ ಮುಚ್ಚಿದರೆ ಯುಗಾದಿಗೆ ಬರುವ 12 ಮಕ್ಕಳನ್ನು ಎಲ್ಲಿ ಕೂರಿಸೋದು? ಅವರ ಹೆಸರು ಹಾಜರಿಯಲ್ಲಿ ಇರಲಿ. ಮನೆಯಲ್ಲಿ ಅಜ್ಜಿ ಇದ್ದರೆ ಮಗು ಇಲ್ಲೇ ಉಳಿಯುವಂತೆ ಮಾಡೋಣ. ಸಂಜೆ ತನಕ ಶಾಲೆಯಲ್ಲಿ ನೋಡಿಕೊಂಡು, ರಾತ್ರಿ ಊಟಕ್ಕೆ ಪಂಚಾಯ್ತಿ ಕೈಜೋಡಿಸಿದರೆ ಎಷ್ಟೋ ಅಜ್ಜಿಯರು ಹೂಂ ಅಂದಾರು.

ಶನಿವಾರ ಮತ್ತೆ ಸಭೆ ಇದೆ. ಈ ಸಲ ತಾಂಡಾದ ಅಜ್ಜಿಯರನ್ನೂ ಕರೆದಿದ್ದೇನೆ.