ಮೂರೇ ಪ್ರಶ್ನೆ ಸಾಕಿತ್ತು

ಮತ್ತೆ ಎಣಿಸುತ್ತಾರಂತೆ. ಈ ಸಲ ಕೇಂದ್ರದವರು. 2027ರ ಜನಗಣತಿಯಲ್ಲಿ ಜಾತಿಯನ್ನೂ ಬರೆದುಕೊಳ್ಳುತ್ತಾರೆ. ಸಾಗರದ ಹೋಟೆಲೊಂದರಲ್ಲಿ ಈ ಸುದ್ದಿ ಓದಿದ ಹಿರಿಯರೊಬ್ಬರು ಪೇಪರ್ ಮಡಿಸಿಟ್ಟು, "ಹೋದ ದಸರಾದಲ್ಲಿ ಕೊಟ್ಟ ಜಾತಿ ಏನಾಯ್ತು ಮಾರಾಯ್ರೇ? ಕಳೆದುಹೋಯ್ತಾ?" ಎಂದು ಕೇಳಿದರು.

ಕೇಳಿದ್ದರಲ್ಲಿ ತಪ್ಪೇನಿಲ್ಲ. ಜಾತಿ ಕೊಡುವುದರಲ್ಲಿ ನಾವು ಯಾವತ್ತೂ ಜಿಪುಣತನ ಮಾಡಿದವರಲ್ಲ. 1931ರಲ್ಲಿ ಅಜ್ಜಂದಿರು ಕೊಟ್ಟರು. 2011ರ ಸಮೀಕ್ಷೆಗೆ ನಾವು ಕೊಟ್ಟೆವು, ಜಾತಿಯ ಲೆಕ್ಕ ದಿಲ್ಲಿಯಿಂದ ಹೊರಗೇ ಬರಲಿಲ್ಲ. 2015ರಲ್ಲಿ ಬೆಂಗಳೂರಿನವರು ಕೇಳಿದರು, ಅವರಿಗೂ ಕೊಟ್ಟೆವು. 160 ಕೋಟಿ ರೂಪಾಯಿಗೂ ಜಾಸ್ತಿ ಖರ್ಚಾಯ್ತು. ಆ ಲೆಕ್ಕವನ್ನು, ದರ ಏರಲಿ ಎಂದು ಅಟ್ಟದ ಮೇಲಿಟ್ಟ ಅಡಿಕೆ ಮೂಟೆಯ ಹಾಗೆ, ಒಂದರ ಹಿಂದೆ ಒಂದು ಸರ್ಕಾರ ಕಾಪಾಡಿಕೊಂಡು ಬಂತು. 2024ರ ಫೆಬ್ರವರಿಯಲ್ಲಿ, ಆಗ ಹಿಂದುಳಿದ ವರ್ಗಗಳ ಆಯೋಗದ ಅಧ್ಯಕ್ಷರಾಗಿದ್ದ ಜಯಪ್ರಕಾಶ್ ಹೆಗ್ಡೆಯವರು ವರದಿಯನ್ನು ಮುಖ್ಯಮಂತ್ರಿಯ ಕೈಗಿತ್ತರು. 2025ರ ಜೂನ್ ಹೊತ್ತಿಗೆ ಹುಳ ಬಿದ್ದಿದೆ, ಹತ್ತು ವರ್ಷ ಹಳೇದು, ಹೊಸದಾಗಿ ಮಾಡೋಣ ಎಂದರು. ಇಟ್ಟು ಇಟ್ಟು ಹಳೇದು ಮಾಡಿದವರು ಯಾರು ಎಂದು ಕೇಳಬಾರದು. ಕೇಳಿದರೆ, ನೀವು ಯಾವ ಜಾತಿ ಎಂದು ತಿರುಗಿ ಕೇಳುತ್ತಾರೆ.

ಹೊಸದು ಎಂದರೆ ಎಂಥಾ ಹೊಸದು! 60 ಪ್ರಶ್ನೆ, 420 ಕೋಟಿಯ ಅಂದಾಜು, 1.75 ಲಕ್ಷ ಮೇಷ್ಟ್ರುಗಳು. ಕರೆಂಟ್ ಮೀಟರ್ ಹಿಡಿದು ಮನೆ ಗುರುತಿಸಿ ಸ್ಟಿಕ್ಕರ್ ಅಂಟಿಸಿದರು. ಸೆಪ್ಟೆಂಬರ್ 22ಕ್ಕೆ ಶುರುವಾಗಿ ಅಕ್ಟೋಬರ್ 7ಕ್ಕೆ ಮುಗಿಯಬೇಕಿತ್ತು. 18ಕ್ಕೆ ಹೋಯ್ತು. ಆಮೇಲೆ 31ಕ್ಕೆ ಹೋಯ್ತು. ಕೋಳಿ ಎಷ್ಟು, ಒಡವೆ ಎಷ್ಟು ಎಂದೆಲ್ಲ ಕೇಳಿದಾಗ ಸ್ವತಃ ಉಪಮುಖ್ಯಮಂತ್ರಿಗಳಿಗೇ ತಾಳ್ಮೆ ಕೆಟ್ಟಿತು. ನಮ್ಮಲ್ಲಿ ಮೇಷ್ಟ್ರುಗಳು ಫೋನನ್ನು ಮೇಲೆ ಹಿಡಿದು, ನೆಟ್‌ವರ್ಕ್ ಹುಡುಕುತ್ತಾ ಗುಡ್ಡ ಹತ್ತಿದರು. ಅಲ್ಲಿ ಒಟಿಪಿ ಬಂತು. ಒಟಿಪಿ ಕೊಡಬೇಕಾದ ಅಜ್ಜಿ ಕೆಳಗೆ ಮನೆಯಲ್ಲಿದ್ದರು.

ನನಗೆ ಹೊಟ್ಟೆ ಉರಿಯುವುದು ಆ 420 ಕೋಟಿಗೆ. ಈ ಕೆಲಸವನ್ನು ನಮ್ಮೂರಿನ ಬಾಡಿಗೆ ಮನೆ ಮಾಲೀಕರಿಗೆ ವಹಿಸಿದ್ದರೆ ಚಹಾದ ಖರ್ಚಿನಲ್ಲಿ ಮುಗಿಯುತ್ತಿತ್ತು. ಅವರಿಗೆ 60 ಪ್ರಶ್ನೆ ಯಾಕೆ? ಮೂರು ಸಾಕು.

"ಯಾವ ಊರಾಯ್ತು ನಿಮ್ದು?"

"ಹೊಸನಗರದ ಹತ್ರ."

"ಹೌದಾ! ನಮ್ಗೂ ಅಲ್ಲೆಲ್ಲ ಗೊತ್ತು. ಯಾರ ಮನೆ ಪೈಕಿ?"

ಹೇಳುತ್ತೀರಿ.

"ಹಂಗಾದ್ರೆ ಮನೆದೇವ್ರು ಯಾವುದು?"

ಮುಗೀತು. ಆ್ಯಪ್ ಬೇಡ, ನೆಟ್‌ವರ್ಕ್ ಬೇಡ. ಜಾತಿ, ಒಳಪಂಗಡ, ಯಾವ ಮಠಕ್ಕೆ ನಡೆದುಕೊಳ್ಳುವವರು, ಅಜ್ಜನ ಕಾಲದಲ್ಲಿ ಜಮೀನಿತ್ತೋ ಇಲ್ಲವೋ, ಎಲ್ಲ ಜಗುಲಿಯಲ್ಲೇ ದಾಖಲಾಗುತ್ತದೆ. ಅಷ್ಟಕ್ಕೂ ಅನುಮಾನ ಉಳಿದರೆ ಇನ್ನೊಂದು ಪ್ರಶ್ನೆ ಇದೆ. "ನೀವು ಮೀನು ಗೀನು..." ಎಂದು ಅರ್ಧಕ್ಕೇ ಬಿಡುತ್ತಾರೆ. ಉಳಿದರ್ಧ ನಾವೇ ತುಂಬಿಕೊಂಡು ತಲೆ ಅಲ್ಲಾಡಿಸಬೇಕು. ಇಷ್ಟು ಚುರುಕಾದ ಗಣತಿದಾರರು ಬೆಂಗಳೂರಿನ ಯಾವ ಆಯೋಗದಲ್ಲೂ ಇಲ್ಲ. ಸಂಬಳ ಬೇಡ, ಭತ್ಯೆ ಬೇಡ, ಬರೀ ಆಸಕ್ತಿಯಿಂದ ಮಾಡುತ್ತಾರೆ.

ಇದೇ ಮಾಲೀಕರು ಸಮೀಕ್ಷೆ ನಡೆಯುವಾಗ ಏನೆಂದರು ಗೊತ್ತಾ? "ನಮ್ಮೂರಲ್ಲಿ ಜಾತಿ ಗೀತಿ ಏನೂ ಇಲ್ಲಪ್ಪ. ಎಲ್ಲ ಅಣ್ಣ ತಮ್ಮಂದಿರ ಹಂಗೆ ಇದೀವಿ. ಸರ್ಕಾರದವ್ರೇ ಬಂದು ಒಡೀತಾರೆ." ಇಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುವ ರೂಢಿಯೇ ಇಲ್ಲವಲ್ಲ. ಭಟ್ರೇ, ಗೌಡ್ರೇ, ನಾಯ್ಕ್ರೇ, ಪೈಗಳೇ, ಸಾಬ್ರೇ ಎಂದೇ ಬೆಳಗಿನಿಂದ ಸಂಜೆಯವರೆಗೆ ಕರೆದು ಮಾತಾಡಿಸಿ, ರಾತ್ರಿ ಜಾತಿ ಇಲ್ಲ ಎಂದು ಮಲಗುತ್ತೇವೆ. ಬರೀ ಹೆಸರು ಹಿಡಿದು, ಏಕವಚನದಲ್ಲಿ, "ಬಾರಾ ಇಲ್ಲಿ" ಎಂದು ಕರೆಸಿಕೊಳ್ಳುವವರೂ ಇದ್ದಾರೆ. ಅವರು ಎಪ್ಪತ್ತು ವರ್ಷದವರಾದರೂ ಅಷ್ಟೇ. ಯಾರು ಎಂದು ನಿಮಗೆ ಗೊತ್ತು.

ಅದಿರಲಿ. ಮಲೆನಾಡಿನಲ್ಲಿ ಎಷ್ಟು ಬಗೆಯ ಜನ ಇದ್ದಾರೆ ಎಂದು ನಿಜಕ್ಕೂ ನೋಡಬೇಕಿದ್ದವರು ಹೊಳೆಬಾಗಿಲಿಗೆ ಹೋಗಿ, ಶರಾವತಿ ಹಿನ್ನೀರು ದಾಟಿಸುತ್ತಿದ್ದ ಸಿಗಂದೂರು ಲಾಂಚ್ ಹತ್ತಬೇಕಿತ್ತು. ದೀವರು, ಹವ್ಯಕರು, ಬ್ಯಾರಿಗಳು, ಕೊಂಕಣಿಗರು, ರಬ್ಬರ್ ತೋಟದ ಮಲಯಾಳಿಗಳು, ದೇವಿಗೆ ಹರಕೆ ಹೊತ್ತ ದಾವಣಗೆರೆಯವರು, ಮೀನಿನ ಬುಟ್ಟಿ, ಬೈಕು, ಬಸ್ಸು, ಎಲ್ಲ ಒಂದೇ ಹಲಗೆಯ ಮೇಲೆ. ಆ ಲಾಂಚಿನಲ್ಲಿ ಇದ್ದದ್ದು ಎರಡೇ ಜಾತಿ. ಕಾರಿನವರು, ನಿಂತವರು. ಕಾರಿನವರಲ್ಲೂ ಶಾಸಕರ ಕಡೆಯವರು ಎಂಬ ಒಳಪಂಗಡ ಇತ್ತು, ಅವರಿಗೆ ಸರದಿ ಇರಲಿಲ್ಲ. ಮಳೆ ಹೊಡೆದರೆ ನಿಂತವರೆಲ್ಲ ಯಾರ ಕೊಡೆ ಸಿಕ್ಕಿದರೆ ಆ ಕೊಡೆ. 2025ರ ಜುಲೈ 14ಕ್ಕೆ ಸೇತುವೆ ಉದ್ಘಾಟನೆ ಆಯ್ತು. ಒಳ್ಳೆಯದೇ ಆಯ್ತು. ರಾತ್ರಿ ಹೆರಿಗೆ ನೋವು ಬಂದವರನ್ನು ಆ ದಡದಲ್ಲಿ ಕೂರಿಸಿಕೊಂಡು ಬೆಳಗಿಗೆ ಕಾದವರನ್ನು ಕೇಳಿ. ಈಗ ಗಾಜು ಏರಿಸಿ ಸುಯ್ಯೆಂದು ದಾಟಬಹುದು, ಪಕ್ಕದವರ ಮುಖ ನೋಡುವ ಕಷ್ಟವೂ ತಪ್ಪಿತು.

ಆ ನೀರಿನಡಿಯ ಊರುಗಳವರು, 1964ರ ಲಿಂಗನಮಕ್ಕಿ ಅಣೆಕಟ್ಟಿಗೆ ಗದ್ದೆ ಮನೆ ಬಿಟ್ಟು ಎದ್ದವರು, ಎಲ್ಲ ಗಣತಿಯಲ್ಲೂ ಇದ್ದಾರೆ. ಪ್ರತಿ ಸಲ ಎಣಿಸಿದ್ದೇವೆ. ಹಕ್ಕುಪತ್ರಕ್ಕೆ ಮೊಮ್ಮಕ್ಕಳು ಇನ್ನೂ ಕಚೇರಿ ಸುತ್ತುತ್ತಿದ್ದಾರೆ.

ಸಮೀಕ್ಷೆಯ ನಿಜವಾದ ಮಜಾ ಇದ್ದದ್ದು ಮುಖಂಡರ ಪತ್ರಿಕಾಗೋಷ್ಠಿಗಳಲ್ಲಿ. ಕಾಲಂ 8ರಲ್ಲಿ ಧರ್ಮ, 9ರಲ್ಲಿ ಜಾತಿ, 10ರಲ್ಲಿ ಉಪಜಾತಿ. ಯಾವುದರಲ್ಲಿ ಏನು ಬರೆಸಬೇಕು ಎಂದು ಮಠದಿಂದ ಒಂದು ಅಪ್ಪಣೆ, ಸಂಘದಿಂದ ಇನ್ನೊಂದು, ವಾಟ್ಸ್ಆ್ಯಪ್‌ನಲ್ಲಿ ಎರಡಕ್ಕೂ ವಿರುದ್ಧವಾದ ಮೂರನೆಯದು. ಮದುವೆಗೆ ಹೆಣ್ಣು ಕೇಳಲು ಹೋದರೆ "ನೀವು ಬೇರೆ, ನಾವು ಬೇರೆ" ಎಂದು ಚಾಪೆ ಜರುಗಿಸಿ ಕೂರುತ್ತಿದ್ದವರು, ಆ ಒಂದು ತಿಂಗಳ ಮಟ್ಟಿಗೆ ನಾವೆಲ್ಲ ಒಂದೇ, ಒಂದೇ ಎಂದು ಬರೆಸಿ ಎಂದು ಕೈ ಮುಗಿದರು. ಎಲ್ಲ ಸಮುದಾಯದವರೂ ತಾವೇ ಜಿಲ್ಲೆಯಲ್ಲಿ ದೊಡ್ಡವರು ಎಂದರು. 2011ರ ಗಣತಿಯಲ್ಲಿ ಶಿವಮೊಗ್ಗ ಜಿಲ್ಲೆಯ ಜನಸಂಖ್ಯೆ ಹದಿನೇಳೂವರೆ ಲಕ್ಷ. ಮುಖಂಡರು ಹೇಳಿದ್ದನ್ನೆಲ್ಲ ಕೂಡಿಸಿದರೆ ಕೊಡಚಾದ್ರಿಯ ತುದಿಯಲ್ಲೂ ಕಾಲಿಡಲು ಜಾಗ ಸಿಗಲಿಕ್ಕಿಲ್ಲ. ಸಭೆ ಮುಗಿಸಿ ಬಂದವರೇ ಆಮೇಲೆ, "ಅವ್ರ ಸಂಖ್ಯೆ ಜಾಸ್ತಿ ಆಗ್ತಿದೆ, ಹುಷಾರು" ಎಂಬ ಮೆಸೇಜನ್ನು ಎಲ್ಲ ಗುಂಪುಗಳಿಗೂ ತಳ್ಳಿದರು. ಜಾಸ್ತಿ ಆಗಬೇಕಾದವರು ತಾವು, ಆಗಬಾರದವರು ಅವರು. ಇಷ್ಟು ಸರಳವಾದ ಲೆಕ್ಕಕ್ಕೆ ಮೇಷ್ಟ್ರುಗಳನ್ನು ಯಾಕೆ ಗುಡ್ಡ ಹತ್ತಿಸಬೇಕಿತ್ತು?

ಎಣಿಕೆಯೇ ಬೇಡ ಎನ್ನುವವನು ನಾನಲ್ಲ. ಇದು ಕಾಗೋಡಿನ ತಾಲೂಕು. 1951ರಲ್ಲಿ ಇಲ್ಲಿನ ಗೇಣಿದಾರರು ಎದ್ದು ನಿಂತದ್ದೇ ಗೇಣಿ ಭತ್ತ ಅಳೆಯುವ ಧಣಿಗಳ ದೊಡ್ಡ ಕೊಳಗದ ವಿರುದ್ಧ. ಅಳತೆ ಯಾರ ಕೈಯಲ್ಲಿದೆಯೋ ಭತ್ತ ಅವರ ಕಣಜಕ್ಕೆ ಹೋಗುತ್ತದೆ ಎಂದು ಓದು ಬರಹ ಇಲ್ಲದವರಿಗೂ ಗೊತ್ತಿತ್ತು. ಯಾರ ಹತ್ತಿರ ಎಷ್ಟಿದೆ, ಯಾರಿಗೆ ಏನೂ ಸಿಕ್ಕಿಲ್ಲ ಎಂದು ಬರೆದಿಟ್ಟು ಊರಿನ ಮುಂದೆ ಓದಿ ಹೇಳಬೇಕು. ಅಳೆದು ಅಳೆದು ಕೊಳಗವನ್ನೇ ಬಚ್ಚಿಡುವುದು ಯಾವ ಸೀಮೆಯ ನ್ಯಾಯ?

ಇನ್ನು ಎಣಿಕೆಗೇ ಸಿಗದವರಿದ್ದಾರೆ. ಅಡಿಕೆ ತೋಟದ ಮೂಲೆಯಲ್ಲಿ, ಶೀಟ್ ಹೊದೆಸಿದ ಶೆಡ್ಡಿನಲ್ಲಿ ಇರುವ ಅಸ್ಸಾಮಿನ, ಜಾರ್ಖಂಡಿನ ಹುಡುಗರು. ನಮ್ಮ ಮಕ್ಕಳು ಬೆಂಗಳೂರಿಗೆ ಹೋದ ಮೇಲೆ ಚರಂಡಿ ಬಿಡಿಸುವವರು, ಮಣ್ಣು ಹಾಕುವವರು, ಗೊಬ್ಬರ ಹೊರುವವರು ಅವರೇ. ಅವರಿಗೆ ಊರು ಇಟ್ಟ ಜಾತಿ "ಹಿಂದಿಯವರು". ಏನಾದರೂ ಕಳುವಾದರೆ ಅದೇ ದಿನ "ಬಾಂಗ್ಲಾದವರು" ಆಗುತ್ತಾರೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕಬ್ಬಿಣ ಕರಗಿಸಲು ಶುರು ಮಾಡಿತು. ಅದನ್ನು ನಂಬಿ ತಮಿಳರು, ತೆಲುಗರು, ಮಲಯಾಳಿಗಳು ಬಂದರು. ಇವತ್ತು ಅವರ ಮೊಮ್ಮಕ್ಕಳೂ ಈ ಹುಡುಗರನ್ನು ನೋಡಿ, "ಹೊರಗಿನವ್ರು ಜಾಸ್ತಿ ಆದ್ರು ಕಣ್ರೀ" ಎನ್ನುತ್ತಾರೆ.

ಗೊತ್ತಿರುವ ಮೇಷ್ಟ್ರೊಬ್ಬರು ಹೇಳಿದ್ದು ಮನಸ್ಸಿನಿಂದ ಹೋಗುತ್ತಿಲ್ಲ. "ಸಾರ್, ನಾನು ಸರ್ವೆಗೆ ಹೋದ ಕಡೆಯೆಲ್ಲ ಮೊದಲು ನನ್ನ ಸರ್ವೆ ಆಗ್ತಿತ್ತು. ಉತ್ತರ ಕೇಳಿದ ಮೇಲೆ ಕುರ್ಚಿ ಬರೋದೋ ಬೇಡವೋ ಅಂತ ತೀರ್ಮಾನ ಆಗ್ತಿತ್ತು." ಕೆಲವು ಮನೆಗಳಲ್ಲಿ ಅಂಗಳದಲ್ಲೇ ನಿಂತು 60 ಪ್ರಶ್ನೆಯನ್ನೂ ಕೇಳಿದ್ದಾರೆ. ಅದರಲ್ಲಿ ಒಂದು ಅವರ ಶಿಷ್ಯನದೇ ಮನೆ. ಇದರಲ್ಲಿ ತಮಾಷೆ ಮಾಡಲು ನನಗೇನೂ ಸಿಗುತ್ತಿಲ್ಲ. ಸಾಕಾಗಿದೆ. ನಮ್ಮೂರಲ್ಲಿ ಜಾತಿ ಇಲ್ಲ ಎಂದು ಇನ್ನೊಬ್ಬರು ನನ್ನೆದುರು ಹೇಳಿದರೆ ಎದ್ದು ಹೋಗುತ್ತೇನೆ.

ಇದೇ ಮೇಷ್ಟ್ರು ಪೇಟೆಯಲ್ಲಿ ಬಾಡಿಗೆ ಮನೆ ಹುಡುಕುತ್ತಿದ್ದಾರೆ. ಮನೆ ಖಾಲಿ ಇದೆ ಎಂಬ ಬೋರ್ಡ್ ನೋಡಿ ಹೋಗುತ್ತಾರೆ, ಮೂರು ಪ್ರಶ್ನೆ ಮುಗಿಯುವ ಹೊತ್ತಿಗೆ "ಛೇ, ನಿನ್ನೆಯಷ್ಟೇ ಒಬ್ರಿಗೆ ಮಾತು ಕೊಟ್ಟುಬಿಟ್ವಲ್ಲ" ಎಂಬ ಉತ್ತರ. ಬೋರ್ಡ್ ಮಾತ್ರ ಮುಂದಿನ ವಾರವೂ ಅಲ್ಲೇ ಇರುತ್ತದೆ. ಜನಗಣತಿಯಲ್ಲಿ ಮೊದಲು ಮನೆಪಟ್ಟಿ ಮಾಡುತ್ತಾರೆ. ಅದಕ್ಕೂ ಮೇಷ್ಟ್ರುಗಳನ್ನೇ ಕಳಿಸುತ್ತಾರೆ. ಊರಲ್ಲಿ ಖಾಲಿ ಬಿದ್ದಿರುವ ಮನೆಗಳನ್ನೂ ಒಂದೊಂದಾಗಿ ಬರೆದುಕೊಳ್ಳಬೇಕಂತೆ.